ವಿಮರ್ಶಾ ಪ್ರಬಂಧ: ಉಲ್ಲೇಖ ಕೊಟ್ಟ ಮೇಲೆ ಏನು ಬರೆಯಬೇಕು?

ಓದುತ್ತಿರುವವ

ಕಥೆ, ಕವಿತೆಗಳ ಮೇಲೆ ವಿಮರ್ಶಾ ಪ್ರಬಂಧ ಬರೆಯುವ ಬಗ್ಗೆ ಓದುತ್ತಾ, ಬರೆಯುತ್ತಾ ನನಗೆ ಖಚಿತವಾದ ಮೂರು ಮಾತುಗಳನ್ನು ಇಲ್ಲಿ ಇಡುತ್ತೇನೆ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಈ ಎಳೆ ಶುರು ಮಾಡಿದ್ದೇ ಅದಕ್ಕಾಗಿ.

ಕಥೆಯಲ್ಲಿ ಏನಾಯಿತು ಎಂದು ಹೇಳುವುದು ಸಾರಾಂಶ. ಅದನ್ನು ಹಾಗೆಯೇ ಯಾಕೆ ಹೇಳಲಾಗಿದೆ, ಬೇರೆ ಥರ ಹೇಳಿದ್ದರೆ ಏನು ಕೈತಪ್ಪುತ್ತಿತ್ತು ಎಂದು ಹೇಳುವುದು ವಿಶ್ಲೇಷಣೆ. ಪ್ರಬಂಧ ಓದುವವರು ಮೂಲ ಕೃತಿಯನ್ನು ಓದಿಯೇ ಇರುತ್ತಾರೆ ಎಂದುಕೊಂಡು ಬರೆಯಬೇಕು.

"ಈ ಕಥೆ ಒಂಟಿತನದ ಕುರಿತಾಗಿದೆ" ಎಂಬುದು ವಾದವಲ್ಲ, ವಿಷಯದ ಹೆಸರು ಅಷ್ಟೇ. ಯಾರೂ ಅಲ್ಲಗಳೆಯದ ಮಾತಿಗೆ ಐದು ಪುಟ ಆಧಾರ ಕೊಡುವ ಅಗತ್ಯವೇ ಇಲ್ಲ.

ಆಧಾರ ಸಿಗಬೇಕಾದ್ದು ಮೊದಲು ಕೃತಿಯ ಮಾತಿನಲ್ಲಿ. ಲೇಖಕರ ಬದುಕು, ಆ ಕಾಲದ ಸಮಾಜ ಎಲ್ಲವೂ ಆಮೇಲೆ ಬರಲಿ.

ಇಷ್ಟು ಗೊತ್ತಿದ್ದರೂ ತೊಡಕು ಬರುವುದು ಉಲ್ಲೇಖದ ಮಗ್ಗುಲಲ್ಲೇ. ಒಂದು ಸಾಲು ಎತ್ತಿಕೊಟ್ಟು, "ಈ ಸಾಲು ಪಾತ್ರದ ಒಂಟಿತನವನ್ನು ತೋರಿಸುತ್ತದೆ" ಎಂದು ಬರೆದ ಕೂಡಲೇ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಉತ್ತರಪತ್ರಿಕೆ ತಿದ್ದುವವರು ಅಂಚಿನಲ್ಲಿ "ವಿವರಣೆ ಸಾಲದು" ಎಂದು ಬರೆಯುವುದೂ ಇಂಥ ಕಡೆಯೇ. ಏನನ್ನು ವಿವರಿಸಬೇಕು? ಎಲ್ಲರ ಕಣ್ಣೂ ಒಂದೇ ಸಾಲುಗಳ ಮೇಲಿರಲಿ ಎಂದು ಈ ಚರ್ಚೆಗಾಗಿಯೇ ಒಂದು ಸಣ್ಣ ತುಣುಕು ಬರೆದಿದ್ದೇನೆ:

> ಬಾಗಿಲು ತೆರೆದೇ ಇತ್ತು. ಅವನು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ, ಮತ್ತೆ ಹಾಕಿಕೊಂಡ. ಒಳಗಿನಿಂದ "ಯಾರು?" ಎಂಬ ದನಿ ಬಂತು. "ನಾನು" ಎಂದ. "ನಾನು ಅಂದ್ರೆ?" ಅವನು ಹೆಸರು ಹೇಳಿದ. ಪಾತ್ರೆಗಳ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಇದರ ಮೇಲೆ ಕೆಲಸ ಮಾಡಿ ತೋರಿಸುತ್ತೀರಾ?

ಪುಟದಂಚು

ಒಳ್ಳೆಯ ಪ್ರಶ್ನೆ. "ತೋರಿಸುತ್ತದೆ" ಎಂದ ಮೇಲೆ ದಾರಿ ಮುಚ್ಚುವುದಕ್ಕೆ ಕಾರಣ ಇದೆ. ಸಾಲಿನಿಂದ ನೇರವಾಗಿ ಭಾವಕ್ಕೆ ಹಾರಿರುತ್ತೀರಿ. ಸಾಲು ಆ ಭಾವವನ್ನು ಯಾವ ಸಾಧನದಿಂದ ಹುಟ್ಟಿಸಿತು ಎಂಬ ನಡುವಿನ ಮೆಟ್ಟಿಲು ಬಿಟ್ಟುಹೋಗಿರುತ್ತದೆ. ಹೇಳಬೇಕಾದ್ದೆಲ್ಲ ಆ ಮೆಟ್ಟಿಲಲ್ಲೇ ಇದೆ.

ಓದುವ ಕ್ರಮ ಹೀಗಿರಲಿ. ಮೊದಲ ಓದಿನಲ್ಲಿ ಪೆನ್ನು ಮುಟ್ಟಬೇಡಿ. ಎರಡನೆಯ ಓದಿನಲ್ಲಿ ಮೂರೇ ಥರದ ಗುರುತು ಹಾಕಿ: ಮರಳಿ ಬಂದ ಮಾತಿಗೆ ಒಂದು, ನಿರೀಕ್ಷೆ ತಪ್ಪಿದ ಜಾಗಕ್ಕೆ ಒಂದು, ಹೇಳದೆ ಬಿಟ್ಟದ್ದಕ್ಕೆ ಒಂದು. ಬಣ್ಣ ಬಣ್ಣದ ಹೈಲೈಟರ್‌ನಲ್ಲಿ ಇಡೀ ಪುಟ ತುಂಬಿಸಿದರೆ ಏನೂ ಗುರುತಿಸದಂತೆಯೇ. ಮೂರನೆಯ ಓದಿನಲ್ಲಿ ಪ್ರತಿ ಗುರುತಿನ ಮುಂದೆ ಒಂದು ಪ್ರಶ್ನೆ ಬರೆಯಿರಿ. ಉತ್ತರ ಈಗಲೇ ಬೇಡ.

ನಿಮ್ಮ ತುಣುಕಿನಲ್ಲಿ ನನಗೆ ಕಂಡದ್ದು:

"ತೆರೆದೇ ಇತ್ತು" ಎಂಬಲ್ಲಿನ ಏಕಾರ. "ಬಾಗಿಲು ತೆರೆದಿತ್ತು" ಎಂದರೆ ಬರೀ ಮಾಹಿತಿ. "ತೆರೆದೇ ಇತ್ತು" ಎಂದಾಗ ಮುಚ್ಚಿರಬಹುದೆಂಬ ನಿರೀಕ್ಷೆ ಯಾರಿಗೋ ಇತ್ತು ಎಂದಾಯಿತು. ಅವನ ಮನಸ್ಸಿನ ಅಳುಕು ಅವನ ಹೆಸರಿಗೂ ಮೊದಲೇ, ಒಂದು ಅವಧಾರಣೆಯ, ಅಂದರೆ ಒತ್ತಿ ಹೇಳುವ ಪ್ರತ್ಯಯದ, ಮೂಲಕ ಬಂದುಬಿಟ್ಟಿದೆ.

"ದನಿ ಬಂತು". ಭೂತಕಾಲದಲ್ಲಿ ಮನುಷ್ಯರ ಬಗ್ಗೆ ಹೇಳುವಾಗ ಕನ್ನಡದ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ: ಕೇಳಿದ, ಕೇಳಿದಳು, ಕೇಳಿದರು. ಗಂಡೋ ಹೆಣ್ಣೋ, ಗೌರವ ಉಂಟೋ ಇಲ್ಲವೋ ಎಲ್ಲ ಪ್ರತ್ಯಯದಲ್ಲೇ ತಿಳಿಯುತ್ತದೆ. ಇಲ್ಲಿ ದನಿಯನ್ನೇ ಕರ್ತೃ ಮಾಡಿ ಆ ಪ್ರತ್ಯಯವನ್ನು ತಪ್ಪಿಸಲಾಗಿದೆ. ಒಳಗಿರುವವರು ತಾಯಿಯೋ, ಹೆಂಡತಿಯೋ, ಅಣ್ಣನೋ ನಮಗೆ ತಿಳಿಯುವುದಿಲ್ಲ. ಮಾತೊಂದು ಹೊರಬಂದಿದೆ, ಆಡಿದ ವ್ಯಕ್ತಿ ಬಂದಿಲ್ಲ.

ಇನ್ನು ಹೆಸರು. "ನಾನು" ಎಂಬುದು ಉದ್ಧರಣ ಚಿಹ್ನೆಯೊಳಗಿದೆ, ನಮ್ಮ ಕಿವಿಗೆ ಬೀಳುತ್ತದೆ. ಹೆಸರು ಹೇಳುವ ಹೊತ್ತಿಗೆ ನೇರ ಮಾತು ನಿಂತು "ಅವನು ಹೆಸರು ಹೇಳಿದ" ಎಂಬ ವರದಿ ಬರುತ್ತದೆ. ಒಳಗಿನವರಿಗೆ ಗೊತ್ತಾದದ್ದು ನಮಗೆ ಗೊತ್ತಾಗುವುದಿಲ್ಲ. ಓದುಗನನ್ನೂ ಮೆಟ್ಟಿಲ ಬಳಿಯೇ ನಿಲ್ಲಿಸಿದ ಹಾಗಾಯಿತು.

ಪಾತ್ರೆಗಳ ಸದ್ದು ಇನ್ನೂ ಸೂಕ್ಷ್ಮ. ಸದ್ದು ಬರುತ್ತಿತ್ತು ಎಂದು ಮೊದಲು ಎಲ್ಲೂ ಹೇಳಿಲ್ಲ. ನಿಂತಾಗಲೇ ಅದು ಇತ್ತು ಎಂದು ನಮಗೆ ತಿಳಿಯುವುದು.

ಈ ನಾಲ್ಕನ್ನೂ ಕಂಡದ್ದು ಒಂದೇ ಉಪಾಯದಿಂದ: ಬದಲಿಸಿ ನೋಡುವುದು. "ದನಿ ಬಂತು" ತೆಗೆದು "ಅವಳು ಕೇಳಿದಳು" ಇಡಿ. "ಅವನು ಹೆಸರು ಹೇಳಿದ" ಇದ್ದಲ್ಲಿ ನಿಜವಾಗಿ ಒಂದು ಹೆಸರು ಬರೆಯಿರಿ. ಬದಲಿಸಿದ ಮೇಲೆ ಕಳೆದುಹೋದದ್ದು ಏನೋ, ನೀವು ಬರೆಯಬೇಕಾದ ವಿವರಣೆ ಅದೇ. ಬದಲಿಸಿದರೂ ಏನೂ ವ್ಯತ್ಯಾಸವಾಗದಿದ್ದರೆ ಆ ಉಲ್ಲೇಖವನ್ನೇ ಕೈಬಿಡಿ.

ಕೆಂಪುಶಾಯಿ

ಪುಟದಂಚು ಅವರು ಟಿಪ್ಪಣಿಯವರೆಗೆ ಬಂದಿದ್ದಾರೆ. ಟಿಪ್ಪಣಿ ಪ್ರಬಂಧವಾಗುವ ಹಂತದಲ್ಲಿ ಹೆಚ್ಚಿನವರು ಎಡವುತ್ತಾರೆ. ನಾಲ್ಕು ಅವಲೋಕನ ಸಿಕ್ಕಿತೆಂದು ನಾಲ್ಕು ಪ್ಯಾರಾ ಬರೆದುಬಿಡುತ್ತಾರೆ. ಅದು ಪಟ್ಟಿಯಾಗುತ್ತದೆ, ವಾದವಾಗುವುದಿಲ್ಲ.

ವಾದ ಸಿಗಬೇಕಾದರೆ ಎರಡು ಅವಲೋಕನಗಳು ಒಂದಕ್ಕೊಂದು ತಾಗುವ ಜಾಗ ಹುಡುಕಿ. ಇಲ್ಲಿ "ಮತ್ತೆ" ಎರಡು ಸಲ ಬಂದಿದೆ. ಅವನು ಚಪ್ಪಲಿ "ಮತ್ತೆ ಹಾಕಿಕೊಂಡ", ಒಳಗೆ ಸದ್ದು "ಮತ್ತೆ ಶುರುವಾಯಿತು". ಹೊರಗಿನವನೂ ಒಳಗಿನವರೂ ಒಂದು ಹೆಜ್ಜೆ ಮುಂದಿಟ್ಟು ಹಿಂದಕ್ಕೆ ತೆಗೆದಿದ್ದಾರೆ. ಈಗ ಮೂರು ಮಟ್ಟದ ವಾದ ನೋಡಿ.

ದುರ್ಬಲ: "ಈ ತುಣುಕು ಮುರಿದ ಸಂಬಂಧವೊಂದನ್ನು ಚಿತ್ರಿಸುತ್ತದೆ."

ಪರವಾಗಿಲ್ಲ: "ಈ ತುಣುಕು ಮುರಿದ ಸಂಬಂಧವನ್ನು ಭಾವದ ಮಾತುಗಳ ನೆರವಿಲ್ಲದೆ, ಸಣ್ಣ ಕ್ರಿಯೆಗಳ ಮೂಲಕ ಚಿತ್ರಿಸುತ್ತದೆ."

ಗಟ್ಟಿ: "ಬಂದವನು ಅಳುಕುತ್ತಾನೆ, ಒಳಗಿರುವವರು ದೂರವಿಡುತ್ತಾರೆ ಎಂದು ಮೇಲ್ನೋಟಕ್ಕೆ ಕಂಡರೂ, ಅರ್ಧಕ್ಕೆ ಹಿಂತೆಗೆದ ಎರಡು ಕ್ರಿಯೆಗಳನ್ನು ಒಂದೇ ಪದದಿಂದ ಜೋಡಿಸುವ ಮೂಲಕ ಈ ತುಣುಕು ಇಬ್ಬರನ್ನೂ ಸಮಾನವಾಗಿ ಹಿಂಜರಿಯುವವರನ್ನಾಗಿ ಮಾಡುತ್ತದೆ."

ಮೂರನೆಯದನ್ನು ಒಪ್ಪದವರು ಇರಬಹುದು, ಅದೇ ಅದರ ಬಲ. "ಮೇಲ್ನೋಟಕ್ಕೆ ಹೀಗೆ ಕಂಡರೂ" ಎಂಬ ಅಚ್ಚು ಕಲಿಯುವವರಿಗೆ ತುಂಬಾ ನೆರವಾಗುತ್ತದೆ, ಏಕೆಂದರೆ ಎದುರಿನ ಓದನ್ನು ಮೊದಲ ಸಾಲಿನಲ್ಲೇ ಹೆಸರಿಸಬೇಕಾಗುತ್ತದೆ. ಪ್ರತಿ ಪ್ರಬಂಧಕ್ಕೂ ಅದನ್ನೇ ಹೊಲಿಯಬೇಡಿ, ಅಷ್ಟೇ.

ಈಗ ನಿಮ್ಮ ಮೂಲ ಪ್ರಶ್ನೆ. ಉಲ್ಲೇಖ ಬಂದ ಮೇಲೆ ಕನಿಷ್ಠ ಎರಡು ಮೂರು ವಾಕ್ಯ ಅದಕ್ಕೆ ಸಲ್ಲಬೇಕು. ಅವುಗಳ ಕೆಲಸ ಬೇರೆ ಬೇರೆ: ಒಂದು ಸಾಧನವನ್ನು ಗುರುತಿಸುತ್ತದೆ, ಒಂದು ಅದರ ಪರಿಣಾಮ ಹೇಳುತ್ತದೆ, ಒಂದು ಅದನ್ನು ಪ್ರಬಂಧದ ವಾದಕ್ಕೆ ಕಟ್ಟುತ್ತದೆ. ಬರೆದೇ ತೋರಿಸುತ್ತೇನೆ:

> ಬಂದವನ ಅಳುಕು ಕಾಣುವುದು ಅವನ ಮಾತಿನಲ್ಲಲ್ಲ, ಅವನು "ಚಪ್ಪಲಿ ಬಿಟ್ಟ, ಮತ್ತೆ ಹಾಕಿಕೊಂಡ" ಎಂಬಲ್ಲಿ. ಎರಡು ವಿರುದ್ಧ ಕ್ರಿಯೆಗಳ ನಡುವೆ ಒಂದು ಅಲ್ಪವಿರಾಮ ಮಾತ್ರ ಇದೆ. ಯಾಕೆ ಮನಸ್ಸು ಬದಲಾಯಿತೆಂಬ ವಿವರಣೆಗೆ ನಿರೂಪಣೆ ಜಾಗವನ್ನೇ ಬಿಟ್ಟಿಲ್ಲ. ಚಪ್ಪಲಿ ಬಿಡುವುದು ಒಳಗೆ ಹೋಗುವ ಹಕ್ಕಿದೆ ಎಂದುಕೊಂಡವನ ಕ್ರಿಯೆ, ಹಾಕಿಕೊಳ್ಳುವುದು ಆ ಹಕ್ಕನ್ನು ತಾನೇ ಅನುಮಾನಿಸಿದವನದು. ಯಾರೂ ತಡೆಯುವ ಮೊದಲೇ, "ಯಾರು?" ಎಂಬ ಪ್ರಶ್ನೆಗೂ ಮುಂಚೆ ಇದು ನಡೆಯುತ್ತದೆ. ಹಾಗಾಗಿ ಅವನನ್ನು ಹೊರಗೆ ನಿಲ್ಲಿಸಿದ್ದು ಒಳಗಿನ ದನಿಯೊಂದೇ ಅಲ್ಲ.

ಉಲ್ಲೇಖ ನಾಲ್ಕೇ ಪದ, ಅದರ ನಂತರದ ವಿವರಣೆ ಐದು ವಾಕ್ಯ. ಉಲ್ಲೇಖಕ್ಕಿಂತ ವಿವರಣೆ ಗಿಡ್ಡವಾಗಿದ್ದರೆ ಆ ಪ್ಯಾರಾವನ್ನು ಅನುಮಾನಿಸಿ. ಕೊನೆಯ ವಾಕ್ಯ ಮತ್ತೊಂದು ಉಲ್ಲೇಖದಿಂದ ಮುಗಿಯದಿರಲಿ. ಪ್ಯಾರಾದ ಕೊನೆಯ ಮಾತು ಬರೆಯುವವರದೇ ಆಗಿರಬೇಕು.

ನಿರೂಪಕಿ

ಕೆಂಪುಶಾಯಿ ಅವರ ವಾದವನ್ನು ನಾನು ಒಪ್ಪುವುದಿಲ್ಲ. ಇಬ್ಬರೂ ಸಮಾನ ಎಂಬುದು ಸರಿಯಲ್ಲ. ಅವನು ಹಿಂಜರಿದದ್ದು ಹೆಸರು ಹೇಳುವ ಮೊದಲು, ಆಮೇಲೆ ಅವನು ಹೆಸರು ಹೇಳಿಯೇ ಹೇಳಿದ. ಸದ್ದು ಮತ್ತೆ ಶುರುವಾದದ್ದು ಹೆಸರು ಕೇಳಿಸಿಕೊಂಡ ಮೇಲೆ. ಮೊದಲನೆಯದು ಗೊತ್ತಿಲ್ಲದ್ದಕ್ಕೆ ಹಿಂಜರಿಕೆ, ಎರಡನೆಯದು ಗೊತ್ತಾದ ಮೇಲಿನ ತೀರ್ಮಾನ. ಪದ ಒಂದೇ ಇರುವುದರಿಂದಲೇ ಈ ವ್ಯತ್ಯಾಸ ಚುಚ್ಚುತ್ತದೆ. ಅಲ್ಲದೆ ತುಣುಕು ಅಲ್ಲಿಗೇ ಮುಗಿದಿದೆ, ಅವನಿಗೆ ಉತ್ತರಿಸಲು ಒಂದು ವಾಕ್ಯವೂ ಸಿಕ್ಕಿಲ್ಲ.

ಪ್ರಬಂಧ ಬರೆಯುವವರು ಇಂಥ ಎದುರುವಾದವನ್ನು ಒಂದು ಪ್ಯಾರಾದಲ್ಲಿ ತಾವೇ ಎತ್ತಿಕೊಂಡು ಉತ್ತರಿಸಬೇಕು. ಜಾಗ ಕೊನೆಗೆ ಮೊದಲಿನದು, ಅಂದರೆ ನಿಮ್ಮ ಮುಖ್ಯ ಆಧಾರಗಳೆಲ್ಲ ಬಂದ ಮೇಲೆ. ಎದುರುವಾದವನ್ನು ಜೊಳ್ಳಾಗಿ ಬರೆದು ಸುಲಭವಾಗಿ ಹೊಡೆದುರುಳಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳಿಲ್ಲ: ಲೇಖಕ ಬೇರೆ, ನಿರೂಪಕ ಬೇರೆ. "ಲೇಖಕರು ಇಲ್ಲಿ ಹೆಂಗಸರು ಚಂಚಲೆಯರು ಎನ್ನುತ್ತಾರೆ" ಎಂದು ಬರೆಯುವ ಮೊದಲು ಆ ಮಾತನ್ನು ಕಥೆಯೊಳಗೆ ಯಾರು ಆಡಿದರು ನೋಡಿ. ಅಸೂಯೆ ತುಂಬಿದ ಗಂಡನ ಬಾಯಲ್ಲಿ ಬಂದ ಮಾತನ್ನು ಲೇಖಕರ ತಲೆಗೆ ಕಟ್ಟಿದರೆ ಇಡೀ ಪ್ರಬಂಧ ದಾರಿ ತಪ್ಪುತ್ತದೆ. ನಂಬಲಾಗದ ನಿರೂಪಕ ಎಂಬ ಪರಿಕಲ್ಪನೆಯನ್ನು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಕೊಟ್ಟರು. ನಿರೂಪಕ ಹೇಳುವುದಕ್ಕೂ ಕೃತಿ ಒಟ್ಟಾರೆ ಸೂಚಿಸುವುದಕ್ಕೂ ನಡುವೆ ಬಿರುಕಿದೆಯೇ ಎಂದು ನೋಡುವುದು ಅದರ ತಿರುಳು. ಅದಕ್ಕೂ ಮೊದಲು, 1946ರಲ್ಲಿ, ಅಮೆರಿಕದವರೇ ಆದ ಸಾಹಿತ್ಯ ಚಿಂತಕರು ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ ಲೇಖಕರ ಉದ್ದೇಶವನ್ನು ಕೃತಿಯ ಅಳತೆಗೋಲು ಮಾಡಬಾರದೆಂದು ವಾದಿಸಿದ್ದರು. ಅದನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೂ "ಲೇಖಕರ ಉದ್ದೇಶವೇನೆಂದರೆ" ಎಂದು ಶುರುವಾಗುವ ಪ್ರತಿ ವಾಕ್ಯಕ್ಕೂ "ನಿಮಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ಕಾದಿರುತ್ತದೆ. "ಈ ಸಾಲಿನ ಪರಿಣಾಮ" ಎಂದು ತಿದ್ದಿಕೊಂಡರೆ ಆಧಾರ ಪುಟದಲ್ಲೇ ಸಿಗುತ್ತದೆ.

ನಿರೂಪಣೆಯನ್ನು ಹಿಡಿಯಲು ಕನ್ನಡದಲ್ಲಿ ಒಳ್ಳೆಯ ಸುಳಿವುಗಳಿವೆ. "ಅವಳು ಊರು ಬಿಟ್ಟಳು" ಮತ್ತು "ಅವಳು ಊರು ಬಿಟ್ಟಳಂತೆ" ಎರಡರ ನಡುವೆ ನಿರೂಪಕರ ಹೊಣೆಗಾರಿಕೆಯೇ ಬದಲಾಗುತ್ತದೆ. ಎರಡನೆಯದು ಕೇಳಿದ ಸುದ್ದಿ. ಒಂದು ಕಥೆ ಎಲ್ಲಿ "ಅಂತೆ"ಯಿಂದ ನೇರ ಭೂತಕಾಲಕ್ಕೆ ಜಿಗಿಯುತ್ತದೋ ಅಲ್ಲಿ ಗಾಸಿಪ್ಪು ಸತ್ಯದ ವೇಷ ಹಾಕಿಕೊಂಡಿದೆ ಎಂದು ತಿಳಿಯಿರಿ. ಏಕವಚನ, ಬಹುವಚನದ ಪಲ್ಲಟವೂ ಹಾಗೆಯೇ. ಪಾತ್ರವೊಂದು ಇನ್ನೊಂದನ್ನು "ನೀವು" ಎನ್ನುತ್ತಿದ್ದು ಒಂದೇ ವಾಕ್ಯದಲ್ಲಿ "ನೀನು" ಎಂದರೆ ಅಲ್ಲಿ ಸಲಿಗೆಯೋ ಅವಮಾನವೋ ನಡೆದಿದೆ. ಆ ಪಲ್ಲಟದ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ, ಪ್ರಬಂಧದ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಓದುತ್ತಿರುವವ

ತುಂಬಾ ನೆರವಾಯಿತು. ಎರಡು ಅನುಮಾನ. ಒಂದು, ಏಕಾರ, ಅಲ್ಪವಿರಾಮಗಳ ಮೇಲೆಲ್ಲ ಅರ್ಥ ಹೊರಿಸುತ್ತಾ ಹೋದರೆ ಅತಿಯಾಗುವುದಿಲ್ಲವೇ? ಎಲ್ಲಿ ನಿಲ್ಲಿಸಬೇಕು? ಎರಡು, ಕವಿತೆಗೂ ಇದೇ ಕ್ರಮವೇ? ಛಂದಸ್ಸಿನ ಹೆಸರು ಬರೆದರೆ ಅಂಕ ಬರುತ್ತದೆ ಎನ್ನುತ್ತಾರೆ, ಹೆಸರು ಬರೆದ ಮೇಲೆ ಏನು ಹೇಳಬೇಕೆಂದು ಯಾರೂ ಹೇಳುವುದಿಲ್ಲ.

ಪುಟದಂಚು

ಅತಿ ಓದಿನ ಬಗ್ಗೆ. ಒಂಟಿ ಆಧಾರವನ್ನು ನಂಬಬೇಡಿ. ಏಕಾರವೊಂದೇ ಇದ್ದಿದ್ದರೆ ಅದು ಬರೀ ರೂಢಿಯ ಮಾತಿರಬಹುದಿತ್ತು. ಅಳುಕಿನ ಓದಿಗೆ ಏಕಾರ, ಚಪ್ಪಲಿ, "ನಾನು" ಎಂಬ ಅರೆ ಉತ್ತರ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಹಾಗೆ ಮೂರು ಆಧಾರ ಕೂಡಿದರೆ ಧೈರ್ಯವಾಗಿ ಬರೆಯಿರಿ. ಎರಡಿದ್ದರೆ "ಸೂಚಿಸುವಂತಿದೆ" ಎನ್ನಿ. ಒಂದೇ ಇದ್ದರೆ ಬಿಟ್ಟುಬಿಡಿ. ಜೊತೆಗೆ, ನಿಮ್ಮ ಓದಿಗೆ ವಿರುದ್ಧವಾದ ಸಾಲು ಕೃತಿಯಲ್ಲಿದೆಯೇ ಎಂದು ಬೇಕೆಂದೇ ಹುಡುಕಿ. ಸಿಕ್ಕರೆ ಮುಚ್ಚಿಡಬೇಡಿ, ವಾದವನ್ನು ಅದಕ್ಕೆ ತಕ್ಕಂತೆ ತಿದ್ದಿ.

ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರು ತೆಗೆದ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದದ್ದನ್ನು ಪರಿಶೀಲಿಸಿ 1929ರಲ್ಲಿ ಪ್ರಕಟಿಸಿದರು. ಅಲ್ಲಿ ಅವರು ಪಟ್ಟಿ ಮಾಡಿದ ಹತ್ತು ತೊಡಕುಗಳಲ್ಲಿ ಮೊದಲನೆಯದು ಸರಳವಾದ ವಾಚ್ಯಾರ್ಥವನ್ನೇ ಹಿಡಿಯದಿರುವುದು. ಎಷ್ಟೋ ಪ್ರಬಂಧಗಳು ಬೀಳುವುದು ಇಂದಿಗೂ ಇಲ್ಲೇ. ಯಾರು ಯಾರಿಗೆ ಹೇಳುತ್ತಿದ್ದಾರೆ, ವಾಕ್ಯದ ಕರ್ತೃ ಯಾರು ಎಂಬುದು ತಪ್ಪಿದ್ದರೆ ಮೇಲಿನ ವ್ಯಾಖ್ಯಾನವೆಲ್ಲ ಗಾಳಿಗೋಪುರ. ಆದ್ದರಿಂದ ವಿಶ್ಲೇಷಣೆಗೆ ಮೊದಲು ಆ ಭಾಗವನ್ನು ನಿಮ್ಮ ಮಾತಿನಲ್ಲಿ ಗದ್ಯವಾಗಿ ಬರೆದು ನೋಡಿ. ಇದು ಪ್ರಬಂಧಕ್ಕೆ ಹೋಗುವುದಲ್ಲ, ನಿಮ್ಮ ಭದ್ರತೆಗೆ. ಅದೇ ಪಟ್ಟಿಯಲ್ಲಿ ಇನ್ನೆರಡು ತೊಡಕುಗಳು ನೆನಪಿಡುವಂಥವು: ಓದುವವರ ಸ್ವಂತ ನೆನಪು ನಡುವೆ ನುಗ್ಗಿ ಕವಿತೆಯನ್ನು ಪಕ್ಕಕ್ಕೆ ತಳ್ಳುವುದು, ಮತ್ತು "ತಾಯಿ", "ಮಣ್ಣು", "ಮಳೆ" ಎಂದ ಕೂಡಲೇ ಮನಸ್ಸು ಸಿದ್ಧ ಭಾವವೊಂದನ್ನು ಎತ್ತಿಕೊಡುವುದು. ಮಳೆ ಬಂದಲ್ಲೆಲ್ಲ ಅದು ಹೊಸ ಬದುಕಿನ ಸಂಕೇತವಾಗಿರಬೇಕಿಲ್ಲ. ಈ ಕವಿತೆಯಲ್ಲಿ ಮಳೆ ಏನನ್ನು ಒದ್ದೆ ಮಾಡಿತು ಎಂದು ನೋಡಿ.

ಮಾತ್ರೆಗಣ

ಛಂದಸ್ಸಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಮಾತ್ರೆಯ, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ, ಲೆಕ್ಕ ಸರಿಯಿರಬೇಕು. ಹ್ರಸ್ವ ಲಘು, ಒಂದು ಮಾತ್ರೆ. ದೀರ್ಘ ಗುರು, ಎರಡು ಮಾತ್ರೆ. ಅನುಸ್ವಾರ, ವಿಸರ್ಗ ಇರುವ ಅಕ್ಷರವೂ ಗುರು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ತಪ್ಪಾಗುವುದು ಹೆಚ್ಚಾಗಿ ಈ ಕೊನೆಯದರಲ್ಲಿ. ಒತ್ತಕ್ಷರವನ್ನೇ ಗುರು ಎಂದು ಗುರುತು ಹಾಕುತ್ತಾರೆ. "ಅಕ್ಕ" ಎಂಬಲ್ಲಿ ಗುರು "ಅ", "ಕ್ಕ" ಅಲ್ಲ.

ಆರು ಸಾಲಿನ ಪದ್ಯಜಾತಿಯಾದ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3+4+3+4 ಮಾತ್ರೆಗಳ ಗಣಗಳು (ಗುಂಪುಗಳು), ಅಂದರೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲಿನಲ್ಲಿ 3+4+3+4+3+4 ಆದ ಮೇಲೆ ಒಂದು ಗುರು, ಒಟ್ಟು 23. ಪದ್ಯದಲ್ಲಿ ಒಟ್ಟು 102 ಮಾತ್ರೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಆದಿಪ್ರಾಸ, ಅಂದರೆ ಅಲ್ಲಿ ಅದೇ ವ್ಯಂಜನ ಮರಳಿ ಬರುತ್ತದೆ. ಇಷ್ಟನ್ನು ಬರೆದು "ಹೀಗಾಗಿ ಇದು ಭಾಮಿನಿ" ಎಂದರೆ ಲಕ್ಷಣ ಹೇಳಿದಂತಾಯಿತು, ವಿಶ್ಲೇಷಣೆ ಇನ್ನೂ ಶುರುವಾಗಿಲ್ಲ.

ಕೇಳಬೇಕಾದ್ದು ಮೂರು. ಗಣ ಮುರಿಯುವ ಕಡೆಯೇ ಪದವೂ ಮುಗಿಯುತ್ತದೆಯೇ, ಇಲ್ಲ ಪದ ಗಣವನ್ನು ದಾಟಿ ಹೋಗುತ್ತದೆಯೇ? ಎರಡೂ ಕೂಡಿದ ಸಾಲು ತಾಳ ಹಾಕಿದ ಹಾಗೆ ನಡೆಯುತ್ತದೆ. ಕೂಡದ ಸಾಲಿನಲ್ಲಿ ಓದು ತಡವರಿಸುತ್ತದೆ, ಇಲ್ಲವೇ ನುಗ್ಗುತ್ತದೆ. ಮೂರನೆಯ ಉದ್ದ ಸಾಲಿನ ಕೊನೆಯಲ್ಲಿ ಗುರುವಿನ ನಿಲುಗಡೆ ಇದೆ. ಅರ್ಥವೂ ಅಲ್ಲಿ ನಿಲ್ಲುತ್ತದೆಯೇ, ನಾಲ್ಕನೆಯ ಸಾಲಿಗೆ ಹರಿಯುತ್ತದೆಯೇ? ಆದಿಪ್ರಾಸ ಯಾವ ಪದಗಳನ್ನು ಜೋಡಿಸಿದೆ? ಪ್ರಾಸದ ಜಾಗದಲ್ಲಿ ಕೂತ ಎರಡು ಪದಗಳು ಅರ್ಥದಲ್ಲಿ ಎದುರುಬದುರಾಗಿದ್ದರೆ ಅದು ಬರೆಯುವಂಥ ಮಾತು. ಮೂರಕ್ಕೂ ಹೇಳುವಂಥ ಉತ್ತರ ಸಿಗದಿದ್ದರೆ ಛಂದಸ್ಸಿನ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿ.

ನವ್ಯದ ಮುಕ್ತ ಛಂದಸ್ಸಿನಲ್ಲಿ ಎಣಿಸಲು ಮಾತ್ರೆ ಇಲ್ಲ ಎಂದು ಕೈಚೆಲ್ಲಬೇಡಿ. ಅಲ್ಲಿ ಸಾಲು ಮುರಿದ ಜಾಗವೇ ಮುಖ್ಯ. ಕವಿತೆಯನ್ನು ಗದ್ಯದ ಹಾಗೆ ಒಂದೇ ಉಸಿರಿಗೆ ಬರೆದು, ಮೂಲದ ಪಕ್ಕ ಇಟ್ಟು ನೋಡಿ. ಈ ಕ್ಷಣಕ್ಕೆ ಬರೆದ ಎರಡು ಸಾಲು:

> ಅವಳು ನಕ್ಕಳು ಎಂದು
> ಯಾರೂ ಹೇಳಲಿಲ್ಲ

ಕನ್ನಡದಲ್ಲಿ "ಇಲ್ಲ" ಎಂಬುದು ವಾಕ್ಯದ ತುದಿಗೆ ಬರುತ್ತದೆ. ಮೊದಲ ಸಾಲು ಮುಗಿದಾಗ ನಗು ನಡೆದೇ ಹೋಗಿದೆ, ನಮ್ಮ ಕಣ್ಣಿಗೆ ಕಂಡಿದೆ. ಎರಡನೆಯ ಸಾಲು ನಗುವನ್ನು ಅಳಿಸುವುದಿಲ್ಲ, ಸಾಕ್ಷಿಯನ್ನು ಅಳಿಸುತ್ತದೆ. ಅವಳು ನಕ್ಕಿರಲೂಬಹುದು. "ಅವಳು ನಕ್ಕಳು ಎಂದು ಯಾರೂ ಹೇಳಲಿಲ್ಲ" ಎಂದು ಒಂದೇ ಸಾಲಿನಲ್ಲಿ ಬರೆದರೆ ಈ ಇಬ್ಬಗೆ ಸಪ್ಪಗಾಗುತ್ತದೆ. ನಿಷೇಧವನ್ನು ಕೊನೆಯವರೆಗೆ ತಡೆಹಿಡಿಯುವ ನಮ್ಮ ವಾಕ್ಯರಚನೆಯನ್ನು ಕವಿಗಳು ಹೇಗೆ ದುಡಿಸಿಕೊಳ್ಳುತ್ತಾರೆ ಎಂದು ನೋಡುತ್ತಾ ಹೋದರೆ ಪ್ರಬಂಧಕ್ಕೆ ಸಾಮಗ್ರಿ ತೀರುವುದೇ ಇಲ್ಲ.

ಧ್ವನಿಪ್ರಿಯ

ಇಷ್ಟು ಹೊತ್ತು ಪಶ್ಚಿಮದ ಹೆಸರುಗಳೇ ಬಂದವು. ಉಲ್ಲೇಖದ ನಂತರ ಏನು ಎಂಬ ಪ್ರಶ್ನೆಗೆ ನಮ್ಮ ಕಾವ್ಯಮೀಮಾಂಸೆಯಲ್ಲೇ ಸಿದ್ಧ ಉಪಕರಣ ಇದೆ. ಒಂಬತ್ತನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯನ್ನು, ಅಂದರೆ ನೇರ ಹೇಳದೆ ಹೊಳೆಯುವ ಅರ್ಥವನ್ನು, ಕಾವ್ಯದ ಆತ್ಮ ಎಂದ. ಅದರ ಹಿಂದಿರುವುದು ಅಭಿಧಾ (ನೇರ ಅರ್ಥ ಕೊಡುವುದು), ಲಕ್ಷಣಾ (ಸಂಬಂಧಪಟ್ಟ ಇನ್ನೊಂದು ಅರ್ಥಕ್ಕೆ ಸರಿಯುವುದು), ವ್ಯಂಜನಾ (ಅರ್ಥ ಹೊಳೆಯಿಸುವುದು) ಎಂಬ ಮೂರು ಶಬ್ದಶಕ್ತಿಗಳು. ಶಾಸ್ತ್ರಕಾರರು ಕೊಡುವ ಹಳೆಯ ಉದಾಹರಣೆ "ಗಂಗೆಯಲ್ಲಿ ಹಳ್ಳಿ". ನೀರಿನ ಮೇಲೆ ಹಳ್ಳಿ ಇರಲಾರದು, ಹಾಗಾಗಿ ವಾಚ್ಯಾರ್ಥ ಸೋಲುತ್ತದೆ. ಗಂಗೆಯ ದಡದಲ್ಲಿ ಎಂಬುದು ಲಕ್ಷ್ಯಾರ್ಥ. ದಡದಲ್ಲಿ ಎಂದೇ ಹೇಳದೆ ಗಂಗೆಯಲ್ಲಿ ಎಂದದ್ದರಿಂದ ಹೊಳೆಯುವ ತಂಪು, ಪಾವಿತ್ರ್ಯ ವ್ಯಂಗ್ಯಾರ್ಥ. ನಿಮ್ಮ ಉಲ್ಲೇಖಕ್ಕೂ ಇದೇ ಮೂರು ಪ್ರಶ್ನೆ ಹಾಕಿ: ನೇರವಾಗಿ ಏನು ಹೇಳಿದೆ, ನೇರ ಅರ್ಥ ಎಲ್ಲಿ ಸಾಲುವುದಿಲ್ಲ, ಹೀಗೆಯೇ ಹೇಳಿದ್ದರಿಂದ ಏನು ಹೊಳೆಯಿತು.

ರಸಸೂತ್ರವೂ ಉಪಯುಕ್ತ. ವಿಭಾವ (ಭಾವಕ್ಕೆ ಕಾರಣ), ಅನುಭಾವ (ಭಾವದ ಹೊರ ಗುರುತು), ವ್ಯಭಿಚಾರಿ ಭಾವಗಳು (ಬಂದುಹೋಗುವ ಭಾವಗಳು) ಕೂಡಿದಾಗ ರಸ, ಅಂದರೆ ಓದುವವರು ಸವಿಯುವ ಭಾವ, ಎಂದು ನಾಟ್ಯಶಾಸ್ತ್ರದ ಭರತ ಹೇಳುತ್ತಾನೆ. ಮೇಲಿನ ತುಣುಕಿನಲ್ಲಿ ಒಳಗಿನ ದನಿ, ಆ ಮನೆ ವಿಭಾವ. ಚಪ್ಪಲಿ ಬಿಟ್ಟು ಹಾಕಿಕೊಂಡದ್ದು ಅನುಭಾವ, ಮೈಯಲ್ಲಿ ಕಾಣಿಸಿದ ಗುರುತು. ಶಂಕೆ, ದೈನ್ಯ ವ್ಯಭಿಚಾರಿಗಳು. ಒಂದು ಎಚ್ಚರಿಕೆ: ವಚನ ಸಾಹಿತ್ಯದ ಚರ್ಚೆಯಲ್ಲಿ ಅನುಭಾವ ಎಂದರೆ ಆಧ್ಯಾತ್ಮಿಕ ಅರಿವು. ಎರಡೂ ಒಂದೇ ಪ್ರಬಂಧದಲ್ಲಿ ಬರುವಂತಿದ್ದರೆ ಯಾವುದು ಎಂದು ಮೊದಲೇ ಸ್ಪಷ್ಟಪಡಿಸಿ.

ನಿರೂಪಕಿ

ಧ್ವನಿಪ್ರಿಯ ಅವರು ಹೇಳಿದ ಮೂರು ಪ್ರಶ್ನೆ ನಿಜಕ್ಕೂ ಚೆನ್ನಾಗಿವೆ. ಅಂಟಿಸುವ ಚೀಟಿಯಾಗಿ ಬಳಕೆಯಾಗುವುದೊಂದೇ ನನ್ನ ತಕರಾರು. "ಇಲ್ಲಿ ಕರುಣ ರಸ ಇದೆ" ಎಂದು ಬರೆದು ನಿಲ್ಲಿಸುವ ಪ್ರಬಂಧಕ್ಕೂ "ಇದು ಸ್ತ್ರೀವಾದಿ ಕಥೆ" ಎಂದು ನಿಲ್ಲಿಸುವ ಪ್ರಬಂಧಕ್ಕೂ ದೋಷ ಒಂದೇ. ಪರಿಭಾಷೆ ಬಂದ ಮೇಲೆ ಕೃತಿಯಲ್ಲಿ ಮೊದಲು ಕಾಣದಿದ್ದದ್ದು ಏನಾದರೂ ಕಂಡಿತೇ? ಕಂಡಿದ್ದರೆ ಆ ಪದ ಇರಲಿ.

ಧ್ವನಿಪ್ರಿಯ

ಒಪ್ಪಿದೆ. ಚಪ್ಪಲಿಯನ್ನು ಅನುಭಾವ ಎಂದು ಕರೆದಾಗ, ಅವನ ಮನಸ್ಸಿನ ಬಗ್ಗೆ ನಿರೂಪಣೆ ಒಂದು ಭಾವವಾಚಕ ಪದವನ್ನೂ ಬಳಸಿಲ್ಲ ಎಂಬುದು ಎದ್ದು ಕಾಣುತ್ತದೆ. ಪರಿಭಾಷೆಯಿಂದ ಸಿಗಬೇಕಾದ ಲಾಭ ಅದು.

ಕೆಂಪುಶಾಯಿ

ಬರವಣಿಗೆಯ ಕೆಲಸದ ಬಗ್ಗೆ ಇನ್ನಷ್ಟು. 1200 ಪದಗಳ ಪ್ರಬಂಧವಾದರೆ ಪೀಠಿಕೆ 100ರಿಂದ 120 ಪದ, 200 ಪದಗಳ ಐದು ಪ್ಯಾರಾ, ಉಳಿದದ್ದು ಮುಕ್ತಾಯ. "ಸಾಹಿತ್ಯವು ಸಮಾಜದ ಕನ್ನಡಿ", "ಅನಾದಿ ಕಾಲದಿಂದಲೂ ಮಾನವನು" ಎಂಬ ಪೀಠಿಕೆಗಳನ್ನು ಬಿಟ್ಟುಬಿಡಿ; ಅವು ಯಾವ ಕೃತಿಗೆ ಬೇಕಾದರೂ ಹೊಂದುತ್ತವೆ, ಆದ್ದರಿಂದ ನಿಮ್ಮ ಕೃತಿಗೆ ಹೊಂದುವುದಿಲ್ಲ. ಕೃತಿಯ ಒಂದು ನಿರ್ದಿಷ್ಟ ತೊಡಕಿನಿಂದ ಶುರು ಮಾಡಿ, ಮೂರನೆಯ ನಾಲ್ಕನೆಯ ವಾಕ್ಯದೊಳಗೆ ವಾದ ಬರಲಿ. ಪೀಠಿಕೆಯನ್ನು ಕೊನೆಗೆ ಬರೆದರೂ ತಪ್ಪಿಲ್ಲ. ಬರೆಯುತ್ತಾ ವಾದ ಬದಲಾಗಿಯೇ ಆಗುತ್ತದೆ, ಮೊದಲೇ ಬರೆದ ಪೀಠಿಕೆ ಹಳೆಯ ವಾದವನ್ನೇ ಹಿಡಿದುಕೊಂಡಿರುತ್ತದೆ.

ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಅಂಚಿನಲ್ಲಿ ಅದು ಹೇಳುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯಗಳನ್ನಷ್ಟೇ ಓದಿ. ಮೂರನೆಯ ಪ್ಯಾರಾ ಮತ್ತು ಐದನೆಯ ಪ್ಯಾರಾ ಅದಲುಬದಲಾದರೂ ಏನೂ ಆಗುವುದಿಲ್ಲ ಎನ್ನಿಸಿದರೆ ವಾದ ಮುಂದೆ ಸಾಗುತ್ತಿಲ್ಲ ಎಂದರ್ಥ. "ಅಷ್ಟೇ ಅಲ್ಲದೆ", "ಜೊತೆಗೆ", "ಇನ್ನೊಂದು ಅಂಶವೆಂದರೆ" ಎಂದೇ ಎಲ್ಲ ಪ್ಯಾರಾಗಳೂ ಶುರುವಾಗಿದ್ದರೂ ಅದೇ ರೋಗ. "ಆದರೆ", "ಹಾಗಿದ್ದರೆ", "ಇದರಿಂದಾಗಿ" ಎಂದು ಶುರುವಾಗುವ ಪ್ಯಾರಾ ಹಿಂದಿನದರ ಮೇಲೆ ನಿಂತಿರುತ್ತದೆ.

ಆಮೇಲೆ ವಿಶೇಷಣಗಳ ಬೇಟೆ. ಮನೋಜ್ಞವಾಗಿ, ಮಾರ್ಮಿಕವಾಗಿ, ಹೃದಯಸ್ಪರ್ಶಿಯಾಗಿ, ಅನನ್ಯವಾಗಿ: ಇವನ್ನು ಹುಡುಕಿ ಒಂದೊಂದಾಗಿ ತೆಗೆಯಿರಿ. ತೆಗೆದ ಮೇಲೆ ವಾಕ್ಯ ಖಾಲಿ ಅನ್ನಿಸಿದರೆ ಅದರಲ್ಲಿ ಮೊದಲಿಂದಲೂ ಏನೂ ಇರಲಿಲ್ಲ. ಕಥೆಯ ಘಟನೆಗಳನ್ನು ವರ್ತಮಾನದಲ್ಲಿ ಹೇಳಿ, ನಡುವೆ ಕಾಲ ಬದಲಿಸಬೇಡಿ. ಲೇಖಕರಿಗೆ ಬಹುವಚನ, ಪಾತ್ರಗಳಿಗೆ ಕೃತಿಯಲ್ಲಿರುವಂತೆ. ನಿರೂಪಕರು ಗಂಡೋ ಹೆಣ್ಣೋ ಗೊತ್ತಿಲ್ಲದ ಕಡೆ "ನಿರೂಪಣೆ ಹೇಳುತ್ತದೆ" ಎನ್ನಿ. "ನಿರೂಪಕ ಹೇಳುತ್ತಾನೆ" ಎಂದರೆ ಕೃತಿಯಲ್ಲಿಲ್ಲದ ಸಂಗತಿಯೊಂದನ್ನು ನೀವೇ ಸೇರಿಸಿದಂತೆ.

ಒಂದು ಗಂಟೆಯ ಪರೀಕ್ಷೆಯಲ್ಲಿ ಇಷ್ಟೆಲ್ಲ ಆಗುವುದಿಲ್ಲ. 10 ನಿಮಿಷ ಓದಿ ಗುರುತು ಹಾಕಲು, 8 ನಿಮಿಷ ವಾದ ಮತ್ತು ಪ್ಯಾರಾಗಳ ಕ್ರಮಕ್ಕೆ, 35 ನಿಮಿಷ ಬರವಣಿಗೆಗೆ, 7 ನಿಮಿಷ ತಿದ್ದಲು. ಆ 8 ನಿಮಿಷವನ್ನು ಉಳಿಸಲು ಹೋಗುವವರೇ ಎರಡನೆಯ ಪುಟದಲ್ಲಿ ಕಥೆ ಹೇಳಲು ಶುರು ಮಾಡುವುದು.

ಓದುತ್ತಿರುವವ

ಉಲ್ಲೇಖವನ್ನು ನಮ್ಮ ವಾಕ್ಯದೊಳಗೆ ಕೂರಿಸುವುದು ಹೇಗೆ? ಮತ್ತು ಬೇರೆ ವಿಮರ್ಶಕರ ಮಾತನ್ನು ಎಷ್ಟು ಬಳಸಬಹುದು?

ಪುಟದಂಚು

"ಎಂಬ", "ಎಂದು", "ಎನ್ನುವಲ್ಲಿ" ಮೂರರಿಂದ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಚಿಹ್ನೆಯೊಳಗಿನ ಮಾತನ್ನು ವಿಭಕ್ತಿಗಾಗಿ ತಿರುಚಬೇಡಿ, ಪ್ರತ್ಯಯ ಚಿಹ್ನೆಯ ಹೊರಗಿರಲಿ. ಪದ್ಯದ ಎರಡು ಸಾಲಿನವರೆಗೆ ವಾಕ್ಯದೊಳಗೇ, ಸಾಲು ಮುರಿದಲ್ಲಿ ಓರೆಗೆರೆ ಹಾಕಿ. ಅದಕ್ಕಿಂತ ಹೆಚ್ಚಾದರೆ ಬೇರೆ ಸಾಲಿನಲ್ಲಿ, ಒಳಕ್ಕೆ ಸರಿಸಿ, ಚಿಹ್ನೆ ಇಲ್ಲದೆ. ನಡುವೆ ಬಿಟ್ಟಲ್ಲಿ ಮೂರು ಚುಕ್ಕಿ. ಬಿಟ್ಟ ಭಾಗ ನಿಮ್ಮ ವಾದಕ್ಕೆ ವಿರುದ್ಧವಾಗಿದ್ದರೆ ಬಿಡುವ ಹಾಗಿಲ್ಲ.

ವಿಮರ್ಶಕರನ್ನು ನಿಮ್ಮ ಟಿಪ್ಪಣಿ ಮುಗಿಯುವವರೆಗೆ ಓದಬೇಡಿ. ಮೊದಲೇ ಓದಿದರೆ ಅವರು ಕಂಡದ್ದೇ ನಿಮಗೂ ಕಾಣುತ್ತದೆ. ಆಮೇಲೆ ಓದಿ, ಒಪ್ಪಿಗೆಗಿಂತ ಭಿನ್ನಾಭಿಪ್ರಾಯಕ್ಕೆ ಬಳಸಿಕೊಳ್ಳಿ: "ಇಂಥವರು ಹೀಗೆನ್ನುತ್ತಾರೆ, ಆದರೆ ಈ ಸಾಲು ಅದಕ್ಕೆ ಒಗ್ಗುವುದಿಲ್ಲ." ಅವರ ವಾಕ್ಯವನ್ನು ಪದ ಬದಲಿಸಿ ಬರೆದರೂ ಅದು ಅವರ ವಿಚಾರವೇ, ಹೆಸರು ಕೊಡಲೇಬೇಕು. ಪುಸ್ತಕ ಮುಚ್ಚಿ, ನೆನಪಿನಿಂದ ನಿಮ್ಮ ಮಾತಿನಲ್ಲಿ ಬರೆದು, ಆಮೇಲೆ ತೆರೆದು ಅರ್ಥ ತಪ್ಪಿಲ್ಲವೇ ಎಂದು ನೋಡಿ.

ಮಾತ್ರೆಗಣ

ಕೊನೆಗೆ ಸಲ್ಲಿಸುವ ಮೊದಲು ಪ್ರತಿ ಉಲ್ಲೇಖವನ್ನೂ ಮೂಲದ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಟೈಪ್ ಮಾಡುವಾಗ ಒಂದು ದೀರ್ಘ ಹ್ರಸ್ವವಾದರೂ ಪದ್ಯದಲ್ಲಿ ಒಂದು ಮಾತ್ರೆ ಕಡಿಮೆಯಾಗುತ್ತದೆ, ಆಮೇಲೆ ಇಲ್ಲದ ಛಂದೋಭಂಗಕ್ಕೆ ಅರ್ಥ ಹುಡುಕುತ್ತಾ ಕೂರುತ್ತೀರಿ. ಹಳಗನ್ನಡವಾದರೆ ಯಾವ ಸಂಪಾದನೆಯ ಪಾಠ ಬಳಸಿದ್ದೀರಿ ಎಂದು ಹೇಳಿ, ಪಾಠಾಂತರ ಇದೆಯೇ ಎಂದು ಅಡಿಟಿಪ್ಪಣಿ ನೋಡಿ. ನಿಮ್ಮ ವಾದ ನಿಂತಿರುವ ಪದವೇ ಇನ್ನೊಂದು ಹಸ್ತಪ್ರತಿಯಲ್ಲಿ ಬೇರೆ ಇರಬಹುದು.

ಓದುತ್ತಿರುವವ

ಸಂಪಾದನೆಯ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ನಿರೂಪಕಿ ಅವರ ಎದುರುವಾದವನ್ನೇ ಮುಖ್ಯ ವಾದವಾಗಿಟ್ಟು, ಕೆಂಪುಶಾಯಿ ಅವರದನ್ನು ಕೊನೆಗೆ ಮೊದಲಿನ ಪ್ಯಾರಾದಲ್ಲಿ ಎತ್ತಿಕೊಂಡು ಒಂದು ಕರಡು ಬರೆಯುತ್ತೇನೆ. ಇಲ್ಲೇ ಹಾಕುತ್ತೇನೆ, ತಿದ್ದಿಕೊಡಿ.